ಮುರಿದ ಪಿಸ್ಟನ್‌ಗಳನ್ನು ಎಸೆಯದ ಬರ್ಟ್ ಮನ್ರೋ

ಜಗತ್ತಿನ ಅತಿ ವೇಗದ ಇಂಡಿಯನ್ ಯಾರು ಅಂತ ನಮ್ಮ ಹಾಸ್ಟೆಲಿನಲ್ಲಿ ಕೇಳಿದರೆ ಅರ್ಧ ಮಂದಿ ಓಟಗಾರರ ಹೆಸರು ಹೇಳ್ತಾರೆ, ಇನ್ನರ್ಧ ಮಂದಿ ಫಾಸ್ಟ್ ಬೌಲರ್ ಹೆಸರು ಹೇಳ್ತಾರೆ. ಇದೇ ಹೆಸರಿನ ಒಂದು ಇಂಗ್ಲಿಷ್ ಸಿನಿಮಾ 2005ರಲ್ಲಿ ಬಂತು. ಅದರಲ್ಲಿರೋ ಇಂಡಿಯನ್ ನಮ್ಮ ದೇಶದವರಲ್ಲ, ಮನುಷ್ಯರೇ ಅಲ್ಲ. ಅದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿದ್ದ ಇಂಡಿಯನ್ ಅನ್ನೋ ಕಂಪನಿ 1920ರಲ್ಲಿ ಮಾಡಿದ ಮೋಟಾರ್ ಸೈಕಲ್. ಓಡಿಸಿದವರು ನ್ಯೂಜಿಲೆಂಡಿನ ಬರ್ಟ್ ಮನ್ರೋ. ಕಂಪನಿಯಿಂದ ಬಂದಾಗ ಗಂಟೆಗೆ ಸುಮಾರು 89 ಕಿ.ಮೀ. ಓಡ್ತಿದ್ದ ಗಾಡಿಯನ್ನು ಅವರು 1967ರಲ್ಲಿ 305 ಕಿ.ಮೀ. ದಾಟಿಸಿದರು. ಆಗ ಗಾಡಿಗೆ 47 ವರ್ಷ, ಅವರಿಗೆ 68.

ಇಂಥ ರೆಕಾರ್ಡ್ ಕಥೆಗಳು ಫೋನಿನಲ್ಲಿ ದಿನಾ ಹತ್ತು ಬರ್ತಾವೆ. ನಾವು ಮನ್ರೋ ಬಗ್ಗೆ ಬರೆಯೋಕೆ ಕಾರಣ ಬೇರೆ ಇದೆ. ನಾವು ಯಡ್ರಾಮಿ ಕಡೆಯವರು. ಮೊದಲು ಜೇವರ್ಗಿ ತಾಲೂಕಿನಲ್ಲಿದ್ದ, ಈಗ ತಾನೇ ತಾಲೂಕಾಗಿರೋ ಊರು. ತತ್ವಪದದ ಕಡಕೋಳ ಮಡಿವಾಳಪ್ಪನವರ ಕಡಕೋಳ ನಮ್ಮ ತಾಲೂಕಿನಲ್ಲೇ ಬರ್ತದೆ. ಸುತ್ತ ಎರೆ ಹೊಲ, ತೊಗರಿ, ಹತ್ತಿ, ಜೋಳ. ಮನೆ ಮುಂದೆ ಕಾರ್ ಇಲ್ಲದಿದ್ದರೂ ಒಂದು ಬೈಕ್ ಇರ್ತದೆ. ಹೊಲಕ್ಕೆ ಹೋಗೋದು ಅದರ ಮೇಲೆ, ಗೊಬ್ಬರದ ಚೀಲ ತರೋದು ಅದರ ಮೇಲೆ, ರಾತ್ರಿ ಯಾರಿಗಾದರೂ ಹುಷಾರಿಲ್ಲ ಅಂದರೆ ಜೇವರ್ಗಿಗೆ ಓಡೋದೂ ಅದರ ಮೇಲೆ. ಹೀಗಾಗಿ ಬೈಕಿನ ಹೆಡ್ ಬಿಚ್ಚಿ ವಾಲ್ವ್ ಬದಲಿಸೋದು ನಮ್ಮ ಕಡೆ ಮನೆ ಖರ್ಚಿನ ದೊಡ್ಡ ವಿಷಯ. ಅದಕ್ಕಿಂತ ದೊಡ್ಡ ತಲೆನೋವು ಅದಾದ ಮೇಲೆ ಶುರುವಾಗ್ತದೆ. ಎಲ್ಲಾ ಹೊಸದು ಹಾಕಿಸಿದೆವು, ಆದರೂ ಗಾಡಿ ಮೊದಲಿನಂಗ ಇಲ್ಲ ನೋಡ್ರಿ ಅನ್ನೋ ಮಾತನ್ನು ನಾವು ಸಣ್ಣವರಿದ್ದಾಗಿಂದ ಕೇಳ್ತಾ ಬಂದಿದ್ದೇವೆ.

ಹೊಸ ಪಾರ್ಟ್ ಹಾಕಿದ ಮೇಲೂ ಇಂಜಿನ್ ಯಾಕೆ ಸರಿ ಇರಲ್ಲ ಅನ್ನೋ ಒಂದೇ ಪ್ರಶ್ನೆಗೆ ಉತ್ತರ ಹುಡುಕ್ತಾ ನಲವತ್ತಕ್ಕಿಂತ ಹೆಚ್ಚು ವರ್ಷ ಕಳೆದವರು ಮನ್ರೋ. ಅವರ ಕಥೆ ನಮಗೆ ಬೇಕಾಗಿದ್ದು ಅದಕ್ಕೇ.

ಎರಡು ವರ್ಷ ಬದುಕಲ್ಲ ಅಂದಿದ್ದ ಮಗು

ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ಇನ್ವರ್‌ಕಾರ್ಗಿಲ್‌ನಲ್ಲಿ. ನ್ಯೂಜಿಲೆಂಡಿನ ದಕ್ಷಿಣ ತುದಿಯ ನಗರ ಅದು. ಅದಕ್ಕೂ ಕೆಳಗೆ ಹೋದರೆ ಒಂದು ಸಣ್ಣ ದ್ವೀಪ, ಆಮೇಲೆ ಬರೀ ಸಮುದ್ರ ಮತ್ತು ಹಿಮ. ಅವಳಿ ಮಕ್ಕಳಲ್ಲಿ ಒಬ್ಬರು ಅವರು. ಜೊತೆಗೆ ಹುಟ್ಟಿದ ತಂಗಿ ಹುಟ್ಟುವಾಗಲೇ ತೀರಿಕೊಂಡಳು. ಈ ಹುಡುಗನೂ ಎರಡು ವರ್ಷಕ್ಕಿಂತ ಹೆಚ್ಚು ಬದುಕೋದಿಲ್ಲ ಅಂತ ಡಾಕ್ಟರು ತಂದೆ ತಾಯಿಗೆ ಹೇಳಿದ್ದರಂತೆ.

ಅವರದ್ದು ಒಕ್ಕಲುತನದ ಮನೆ. ಇನ್ವರ್‌ಕಾರ್ಗಿಲ್‌ನ ಪೂರ್ವಕ್ಕಿರೋ ಈಡನ್‌ಡೇಲ್ ಹತ್ತಿರದ ಹೊಲದಲ್ಲಿ ಬೆಳೆದರು. ಮನೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಓಡೋ ಕುದುರೆ ಯಾವುದಿದೆಯೋ ಅದನ್ನೇ ಹತ್ತಿ ಪಟ್ಟಣಕ್ಕೆ ಹೋಗೋದು ಅವರ ಚಾಳಿ. ಹೊಲದ ಕೆಲಸ ಬಿಟ್ಟು ವೇಗದ ಹಿಂದೆ ಬೀಳೋ ಮಗನನ್ನು ಕಂಡರೆ ಅಪ್ಪನಿಗೆ ಸಮಾಧಾನ ಇರ್ತಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಒಟಿರಾ ರೈಲು ಸುರಂಗ ತೋಡೋ ಕೆಲಸಕ್ಕೆ ಹೋದರು. ಅಪ್ಪ ಹೊಸ ಹೊಲ ತಗೊಂಡಾಗ ವಾಪಸ್ ಬಂದರು. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ ಅವರು.

ಹೆಸರಿನ ಬಗ್ಗೆ ಒಂದು ಸಣ್ಣ ಮಾತು. ಪೂರ್ತಿ ಹೆಸರು ಹರ್ಬರ್ಟ್ ಜೇಮ್ಸ್ ಮನ್ರೋ, ಮನೆಯವರು ಕರೀತಿದ್ದದ್ದು ಬರ್ಟ್ ಅಂತ. 1950ರ ದಶಕದ ಕೊನೆಗೆ ಅಮೆರಿಕದ ಪತ್ರಿಕೆಯೊಂದು ಆ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಒಂದು ಅಕ್ಷರ ತಪ್ಪಾಗಿ ಅಚ್ಚು ಹಾಕಿತು. ಅದನ್ನೇ ಇವರು ಇಟ್ಟುಕೊಂಡುಬಿಟ್ಟರು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನಮಗೆ ಆ ತೊಂದರೆ ಇಲ್ಲ.

1920ರ ಸ್ಕೌಟ್

1920ರಲ್ಲಿ ಮನ್ರೋ ಇಂಡಿಯನ್ ಸ್ಕೌಟ್ ಅನ್ನೋ ಹೊಸ ಗಾಡಿ ಕೊಂಡರು. 600 ಸಿಸಿ, ವಿ ಆಕಾರದಲ್ಲಿ ಎರಡು ಸಿಲಿಂಡರ್. ಅದರ ವಾಲ್ವ್‌ಗಳು ಇದ್ದದ್ದು ಸಿಲಿಂಡರಿನ ಪಕ್ಕದಲ್ಲಿ, ಮುಖ ಮೇಲೆ ಮಾಡಿಕೊಂಡು. ಇದಕ್ಕೆ ಸೈಡ್ ವಾಲ್ವ್ ಅಂತಾರೆ. ಕೆಳಗೆ ಕ್ಯಾಮ್ ತಿರುಗ್ತದೆ, ಅದು ಟ್ಯಾಪೆಟ್ ಎತ್ತುತ್ತದೆ, ಟ್ಯಾಪೆಟ್ ವಾಲ್ವ್ ಎತ್ತುತ್ತದೆ, ಮುಗೀತು. ಪಾರ್ಟ್ ಕಡಿಮೆ, ಕೆಡೋದೂ ಕಡಿಮೆ. ಇನ್ನೊಂದು ಅನುಕೂಲ ಏನಂದರೆ ವಾಲ್ವ್ ಪಿಸ್ಟನ್ ಓಡಾಡೋ ದಾರಿಯಲ್ಲೇ ಇಲ್ಲ. ಹಾಗಾಗಿ ಟೈಮಿಂಗ್ ಎಷ್ಟೇ ತಪ್ಪಿದರೂ ಎರಡೂ ಒಂದಕ್ಕೊಂದು ಹೊಡೆದುಕೊಳ್ಳಲ್ಲ.

ಆದರೆ ಅದಕ್ಕೆ ಒಂದು ಮಿತಿ ಇದೆ. ಗಾಳಿ ಮತ್ತು ಪೆಟ್ರೋಲ್ ಪಕ್ಕದಿಂದ ಮೇಲೆ ಬಂದು, ಅಲ್ಲಿಂದ ತಿರುಗಿ ಸಿಲಿಂಡರ್ ಒಳಗೆ ಇಳೀಬೇಕು. ಓಣಿಯ ತಿರುವಿನಲ್ಲಿ ಎತ್ತಿನ ಗಾಡಿ ಸಿಕ್ಕಿಕೊಂಡ ಹಾಗೆ. ಜೊತೆಗೆ ಬೆಂಕಿ ಹೊತ್ತೋ ಜಾಗ ಅಗಲವಾಗಿ ಪಕ್ಕಕ್ಕೆ ಚಾಚಿರ್ತದೆ, ಅದನ್ನು ಚಿಕ್ಕದು ಮಾಡಿ ಕಂಪ್ರೆಷನ್ ಏರಿಸೋದು ಕಷ್ಟ. ದಿನದ ಓಡಾಟಕ್ಕೆ ಇದು ಸಾಕು. ರೇಸಿಗೆ ಸಾಲಲ್ಲ.

ಮನ್ರೋ ಗಾಡಿಗೆ ಕೈ ಹಾಕಿದ್ದು 1926ರಲ್ಲಿ. ಮುಂದೆ ಆ ಇಂಜಿನ್ನನ್ನು ಅವರು ಓವರ್‌ಹೆಡ್ ವಾಲ್ವ್ ಇಂಜಿನ್ ಮಾಡಿದರು. ಅಂದರೆ ವಾಲ್ವ್‌ಗಳನ್ನು ಪಕ್ಕದಿಂದ ತೆಗೆದು ಸಿಲಿಂಡರಿನ ತಲೆಯ ಮೇಲೆ ಕೂರಿಸಿದರು, ಮುಖ ಕೆಳಗೆ ಮಾಡಿ. ಕೆಳಗಿನ ಕ್ಯಾಮಿನಿಂದ ಮೇಲಿನವರೆಗೆ ಉದ್ದನೆಯ ಪುಶ್‌ರಾಡ್, ಅದರ ತುದಿಗೆ ರಾಕರ್. ಕಂಪನಿ ಕೊಟ್ಟ ಎರಡು ಕ್ಯಾಮ್ ತೆಗೆದು ನಾಲ್ಕು ಕ್ಯಾಮ್ ಹಾಕಿದರು. ಈ ಪಾರ್ಟ್‌ಗಳು ಯಾವ ಅಂಗಡಿಯಲ್ಲೂ ಸಿಗೋವಲ್ಲ. ಎಲ್ಲಾ ಸ್ವಂತ ಕೈಯಲ್ಲಿ ಮಾಡಿದ್ದು.

ಪುಶ್‌ರಾಡ್ ಅಂದರೆ ಏನು ಅಂತ ನಮ್ಮ ಓದುಗರಲ್ಲಿ ಬುಲೆಟ್ ಇರೋರಿಗೆ ಹೇಳಬೇಕಿಲ್ಲ. 1955ರಿಂದ ಮದ್ರಾಸಿನಲ್ಲಿ ಜೋಡಿಸೋಕೆ ಶುರು ಮಾಡಿದ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನಲ್ಲಿ ಇದೇ ಏರ್ಪಾಟು. ಹಳೇ ಬುಲೆಟ್ಟಿನ ಬಲಗಡೆ ಒಂದು ಸಣ್ಣ ಮುಚ್ಚಳ ಬಿಚ್ಚಿದರೆ ಪುಶ್‌ರಾಡ್ ಕೆಳತುದಿ ಕಾಣ್ತದೆ. ಇಂಜಿನ್ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಷನ್ ಮುಗಿಸಿ ಮೇಲಿದ್ದಾಗ, ಆ ಕಡ್ಡಿ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಸ್ಪ್ಲೆಂಡರ್ ತರದ ಗಾಡಿಗಳಲ್ಲಿ ಪುಶ್‌ರಾಡ್ ಇಲ್ಲ, ಕ್ಯಾಮನ್ನೇ ಹೆಡ್ಡಿಗೆ ಏರಿಸಿ ಟೈಮಿಂಗ್ ಚೈನಿನಿಂದ ತಿರುಗಿಸ್ತಾರೆ. ಇನ್ನು ನಮ್ಮ ಮೈಸೂರಿನಲ್ಲೇ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಎಲ್ಲಾ ಟೂ ಸ್ಟ್ರೋಕ್. ಅವುಗಳಲ್ಲಿ ಇಂಥ ವಾಲ್ವ್ ಇಲ್ಲವೇ ಇಲ್ಲ, ಸಿಲಿಂಡರಿನ ತೂತುಗಳನ್ನು ಪಿಸ್ಟನ್ನೇ ತೆಗೆದು ಮುಚ್ಚುತ್ತದೆ. ಹಳೇ ಮಿಸ್ತ್ರಿಗಳು ಜಾವಾ ಅಂದರೆ ಈಗಲೂ ಪ್ರೀತಿಯಿಂದ ಮಾತಾಡೋದಕ್ಕೆ ಇದೂ ಒಂದು ಕಾರಣ ಇರಬಹುದು.

ಕಬ್ಬಿಣದ ಪೈಪು, ಟ್ರ್ಯಾಕ್ಟರ್ ಆಕ್ಸಲ್, ಸೈಕಲ್ ಕಡ್ಡಿ

1930ರ ಸುಮಾರಿಗೆ ಲೋಕಕ್ಕೆಲ್ಲಾ ಆರ್ಥಿಕ ಕುಸಿತ ಬಂತು. ಮನ್ರೋ ಅಪ್ಪನ ಹೊಲಕ್ಕೆ ಮರಳಿದರು, ಆಮೇಲೆ ಮೋಟಾರ್ ಸೈಕಲ್ ಅಂಗಡಿಯಲ್ಲಿ ಮಾರಾಟದ ಮತ್ತು ರಿಪೇರಿಯ ಕೆಲಸ ಹಿಡಿದರು. ಹಗಲು ಅಂಗಡಿ, ರಾತ್ರಿ ತನ್ನ ಗಾಡಿ. ಕೈಯಲ್ಲಿ ದುಡ್ಡಿಲ್ಲ. ಹೀಗಾಗಿ ಸಿಕ್ಕಿದ್ದರಲ್ಲೇ ಪಾರ್ಟ್ ಮಾಡಬೇಕಿತ್ತು. ಹಳೇ ಡಬ್ಬಿಗಳನ್ನು ಅಚ್ಚು ಮಾಡಿ ಪಿಸ್ಟನ್ ಎರಕ ಹೊಯ್ದರು. ಎರಕದ ಕಬ್ಬಿಣದ ಪೈಪಿನಿಂದ ಸಿಲಿಂಡರ್ ಮಾಡಿದರು. ಟ್ರ್ಯಾಕ್ಟರಿನ ಆಕ್ಸಲ್ ಕೊರೆದು, ಅರದಿಂದ ತಿಕ್ಕಿ ಕನೆಕ್ಟಿಂಗ್ ರಾಡ್ ಮಾಡಿದರು. ಕ್ಯಾಮುಗಳನ್ನೂ ಅರ ಹಿಡಿದು ಕೈಯಲ್ಲೇ ರೂಪ ಕೊಟ್ಟರು. ಅಳತೆ ನೋಡೋಕೆ ಹಳೇ ಚಕ್ರದ ಕಡ್ಡಿಯೊಂದನ್ನು ಮೈಕ್ರೋಮೀಟರ್ ತರ ಬಳಸ್ತಿದ್ದರು ಅಂತ ಅವರನ್ನು ಕಂಡವರು ಹೇಳಿದ್ದಾರೆ.

ನಮಗೆ ವರ್ಕ್‌ಶಾಪ್ ಲ್ಯಾಬಿನಲ್ಲಿ ವರ್ನಿಯರ್ ಕೊಟ್ಟರೂ ಒಂದೇ ತುಂಡಿಗೆ ಮೂರು ಮಂದಿ ಮೂರು ರೀಡಿಂಗ್ ಬರೀತೀವಿ. ಇವರು ಕಡ್ಡಿ ಹಿಡಿದು ಕ್ಯಾಮ್ ತಿದ್ದಿದರು. ಕ್ಯಾಮಿನ ಉಬ್ಬು ಎಷ್ಟು ಎತ್ತರ ಇದೆಯೋ ಅಷ್ಟು ವಾಲ್ವ್ ತೆರೀತದೆ, ಉಬ್ಬು ಎಷ್ಟು ಅಗಲ ಇದೆಯೋ ಅಷ್ಟು ಹೊತ್ತು ತೆರೆದಿರ್ತದೆ. ಒಂದು ಕಡೆ ಸ್ವಲ್ಪ ಹೆಚ್ಚು ಉಜ್ಜಿದರೂ ಇಂಜಿನ್ನಿನ ಸ್ವಭಾವವೇ ಬೇರೆ ಆಗ್ತದೆ.

ಇಲ್ಲಿ ಒಂದು ಲೆಕ್ಕ ನೋಡ್ರಿ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗ್ತಿದೆ ಅಂದರೆ ಒಂದೊಂದು ವಾಲ್ವ್ ನಿಮಿಷಕ್ಕೆ 3000 ಸಲ, ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ತೆರೆಯೋದು ಕ್ಯಾಮ್, ಮುಚ್ಚೋದು ಸ್ಪ್ರಿಂಗ್. ವೇಗ ಹೆಚ್ಚಾದಾಗ ಸ್ಪ್ರಿಂಗಿಗೆ ವಾಲ್ವನ್ನು ಸರಿಯಾದ ಹೊತ್ತಿಗೆ ವಾಪಸ್ ಎಳೆಯೋಕೆ ಆಗದಿದ್ದರೆ ವಾಲ್ವ್ ತೇಲ್ತದೆ. ಅಷ್ಟರಲ್ಲಿ ಪಿಸ್ಟನ್ ಮೇಲೆ ಬಂದರೆ ಎರಡೂ ಒಂದಕ್ಕೊಂದು ಬಡೀತಾವೆ. ಸೈಡ್ ವಾಲ್ವಿನಲ್ಲಿ ಇಲ್ಲದ ಈ ಅಪಾಯ ಓವರ್‌ಹೆಡ್ ಮಾಡಿದ ಕೂಡಲೇ ಬಂತು. ಸ್ಪ್ರಿಂಗ್ ಗಟ್ಟಿ ಹಾಕಿದರೆ ಕ್ಯಾಮ್ ಬೇಗ ಸವೀತದೆ, ಪುಶ್‌ರಾಡ್ ಬಾಗ್ತದೆ. ಕಂಪ್ರೆಷನ್ ಏರಿದರೆ ಪಿಸ್ಟನ್ ಮೇಲೆ ಹೊರೆ, ಪಿಸ್ಟನ್ ತಡೆದರೆ ಕನೆಕ್ಟಿಂಗ್ ರಾಡ್ ಮೇಲೆ ಹೊರೆ. ಒಂದು ಪಾರ್ಟ್ ಬದಲಿಸಿದರೆ ಅದರ ಪಕ್ಕದ ಪಾರ್ಟಿಗೆ ಹೊಸ ಕೆಲಸ ಕೊಟ್ಟ ಹಾಗೆ. ಮನ್ರೋ ಪಿಸ್ಟನ್, ರಾಡ್, ಫ್ಲೈವೀಲ್, ಕ್ಲಚ್ಚು ಎಲ್ಲಾ ಒಂದೊಂದಾಗಿ ಮಾಡಬೇಕಾಗಿ ಬಂದದ್ದು ಈ ಕಾರಣಕ್ಕೆ.

ಮುರಿದವುಗಳ ಕಪಾಟು

ಮುರಿದದ್ದು ಒಂದೆರಡಲ್ಲ. ಇಂಜಿನ್ ಒಡೆದುಹೋದ ಸಲಗಳನ್ನು ಎಣಿಸೋಕೆ ಆಗಲ್ಲ. ಬೇರೆಯವರಾಗಿದ್ದರೆ ತುಂಡುಗಳನ್ನು ಗುಜರಿಗೆ ಹಾಕ್ತಿದ್ದರು. ಮನ್ರೋ ತಮ್ಮ ಶೆಡ್ಡಿನ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟರು. ತೂತು ಬಿದ್ದ ಪಿಸ್ಟನ್, ತುಂಡಾದ ರಾಡ್, ಸೀಳಿದ ಸಿಲಿಂಡರ್. ಅವೆಲ್ಲ ವೇಗದ ದೇವರಿಗೆ ಕೊಟ್ಟ ಕಾಣಿಕೆ ಅಂತ ತಮಾಷೆಗೆ ಕಪಾಟಿನ ಮೇಲೆ ಬರೆದೂ ಇಟ್ಟಿದ್ದರು. ಸಿನಿಮಾದಲ್ಲೂ ಆ ಕಪಾಟು ಬರ್ತದೆ, ನೋಡಿದವರೆಲ್ಲ ನಗ್ತಾರೆ.

ನಮಗೆ ಅದು ತಮಾಷೆಗಿಂತ ಹೆಚ್ಚಿನದ್ದು ಅನ್ನಿಸ್ತು. ಮುರಿದ ಪಾರ್ಟ್ ಸುಮ್ಮನೆ ಇರಲ್ಲ, ಯಾಕೆ ಮುರೀತು ಅಂತ ಅದರ ಮೈಮೇಲೇ ಬರೆದಿರ್ತದೆ. ಪಿಸ್ಟನ್ ನೆತ್ತಿಯಲ್ಲಿ ಅರ್ಧಚಂದ್ರದ ಗುರುತು ಇದ್ದರೆ ವಾಲ್ವ್ ಬಂದು ಬಡಿದಿದೆ. ನೆತ್ತಿ ಕರಗಿದ್ದರೆ ಪೆಟ್ರೋಲ್ ಕಡಿಮೆ ಸಿಕ್ಕು ಕಾವು ಹೆಚ್ಚಾಗಿದೆ, ಇಲ್ಲಾ ಇಗ್ನಿಷನ್ ಮುಂಚೆ ಆಗಿದೆ. ಎಕ್ಸಾಸ್ಟ್ ವಾಲ್ವಿನ ಅಂಚಿನಲ್ಲಿ ಒಂದೇ ಕಡೆ ಸುಟ್ಟು ಕಚ್ಚು ಬಿದ್ದಿದ್ದರೆ ಆ ಜಾಗದಲ್ಲಿ ಅದು ಸರಿಯಾಗಿ ಕೂತಿರಲಿಲ್ಲ. ಅದನ್ನು ಓದದೆ ಇನ್ನೊಂದು ಹೊಸದು ಹಾಕಿದರೆ ಅದೂ ಹಾಗೇ ಹೋಗ್ತದೆ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕೂತು ನೋಡಿದ್ದಕ್ಕೂ ಮನ್ರೋ ಕಥೆಗೂ ಹೊಂದಿಕೆ ಕಂಡಿದ್ದು ಇಲ್ಲಿ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ, ಆದರೂ ಟ್ಯಾಪೆಟ್ ಅನ್ನೋ ಪದವನ್ನು ಮೊದಲು ಕೇಳಿದ್ದು ಯಾವ ಪುಸ್ತಕದಲ್ಲೂ ಅಲ್ಲ, ಗ್ಯಾರೇಜಿನ ಕನ್ನಡದಲ್ಲಿ. ಹೆಡ್ ಕೆಲಸ ಆದ ಮೇಲೆ ಗಾಡಿ ತೊಂದರೆ ಕೊಟ್ಟರೆ ಒಳ್ಳೆಯ ಮಿಸ್ತ್ರಿ ತಕ್ಷಣ ಪಾನಾ ಹಿಡಿಯಲ್ಲ. ಮೊದಲು ಕೇಳಿಸಿಕೊಳ್ತಾರೆ. ಅವರು ನೋಡೋ ಕ್ರಮವನ್ನು ಇಲ್ಲಿ ಬರೀತೀವಿ, ಸ್ಪ್ಲೆಂಡರ್ ತರದ ಗಾಡಿ ಇರೋರಿಗೆ ಉಪಯೋಗ ಆಗಬಹುದು.

ಕಿಕ್ ಹಗುರ ಆಗಿ ಇಳಿದುಹೋಗ್ತಿದೆ, ಗಾಡಿ ಸ್ಟಾರ್ಟೇ ಆಗ್ತಿಲ್ಲ ಅಂದರೆ ಕಂಪ್ರೆಷನ್ ಎಲ್ಲೋ ಸೋರ್ತಿದೆ. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದೆ ಇರಬಹುದು, ಟೈಮಿಂಗ್ ಚೈನ್ ಒಂದು ಹಲ್ಲು ಆಚೀಚೆ ಕೂತಿರಬಹುದು. ಮ್ಯಾಗ್ನೆಟ್ಟಿನ ಟಿ ಗುರುತು ಮತ್ತು ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಎರಡೂ ಒಟ್ಟಿಗೆ ಸರಿ ಬಂದಿವೆಯಾ ನೋಡಬೇಕು. ಪಿಸ್ಟನ್ ಒಂದು ಚಕ್ರದಲ್ಲಿ ಎರಡು ಸಲ ಮೇಲೆ ಬರ್ತದೆ ಅನ್ನೋದು ನೆನಪಿರಲಿ. ಎರಡೂ ರಾಕರ್ ಸ್ವಲ್ಪ ಸಡಿಲ ಇದ್ದಾಗಲೇ ಅದು ಕಂಪ್ರೆಷನ್ ಮೇಲ್ತುದಿ. ಒಂದು ರಾಕರ್ ವಾಲ್ವ್ ಒತ್ತಿ ಹಿಡಿದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು. ಹೆಡ್ ಕೂರಿಸಿದ ಮೇಲೆ ಕಿಕ್ ಹೊಡೆಯೋಕೆ ಮುಂಚೆ ಪ್ಲಗ್ ಬಿಚ್ಚಿ ಇಂಜಿನ್ನನ್ನು ಕೈಯಲ್ಲಿ ಎರಡು ಮೂರು ಸುತ್ತು ನಿಧಾನಕ್ಕೆ ತಿರುಗಿಸೋದು ಒಳ್ಳೇದು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು, ಒತ್ತಾಯ ಮಾಡಬಾರದು. ಒತ್ತಾಯ ಮಾಡಿದರೆ ವಾಲ್ವ್ ಬಾಗ್ತದೆ.

ಗಾಡಿ ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ಬಂದ್ ಬೀಳ್ತದೆ ಅಂದರೂ ಅನುಮಾನ ಟ್ಯಾಪೆಟ್ ಮೇಲೇ. ಕಾವಿಗೆ ಲೋಹ ಹಿಗ್ಗುತ್ತದೆ, ಅದಕ್ಕೇ ಕೂದಲಿನ ದಪ್ಪದಷ್ಟು ಜಾಗ ಬಿಡೋದು. ಎಷ್ಟು ಬಿಡಬೇಕು ಅನ್ನೋದು ಆಯಾ ಗಾಡಿಯ ಕಂಪನಿ ಪುಸ್ತಕದಲ್ಲಿ ಇರ್ತದೆ. ಅಳೆಯೋದು ಇಂಜಿನ್ ತಣ್ಣಗಿದ್ದಾಗ. ಕಟಕಟ ಸದ್ದು ಬಂದರೆ ಮಂದಿಗೆ ಸಿಟ್ಟು ಬರ್ತದೆ, ಟೈಟ್ ಮಾಡಿಬಿಡ್ರಿ ಅಂತಾರೆ. ಸದ್ದು ಪೂರ್ತಿ ಹೋಗೋ ತನಕ ಟೈಟ್ ಮಾಡಿದರೆ ವಾಲ್ವ್ ಸೀಟಿನ ಮೇಲೆ ಕೂರೋದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಕಾವನ್ನು ಹೆಚ್ಚಾಗಿ ಬಿಡೋದು ಸೀಟಿಗೆ ಒತ್ತಿಕೊಂಡಾಗ. ಕೂರದಿದ್ದರೆ ಸುಟ್ಟುಹೋಗ್ತದೆ. ಸ್ವಲ್ಪ ಸದ್ದು ಮಾಡೋ ಟ್ಯಾಪೆಟ್ಟಿಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಹೆಚ್ಚು ಅಪಾಯ. ಇನ್ನೊಂದು ವಿಷಯ, ರಾಕರ್ ತುದಿ ಸವೆದು ಗುಳಿ ಬಿದ್ದಿದ್ದರೆ ಫೀಲರ್ ಗೇಜ್ ಗುಳಿಯ ಮೇಲೆ ಸೇತುವೆ ತರ ಮಲಗ್ತದೆ. ಗೇಜ್ ಸರಿ ತೋರಿಸ್ತದೆ, ನಿಜವಾದ ಜಾಗ ಹೆಚ್ಚೇ ಇರ್ತದೆ.

ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಅಂದರೆ ಎಲ್ಲರೂ ವಾಲ್ವ್ ಅಂತಾರೆ. ಆದರೆ ಹೆಡ್ ಕೆಲಸಕ್ಕೆ ಸೈಲೆನ್ಸರ್ ಬಿಚ್ಚಿದ್ದರಲ್ಲ, ಅಲ್ಲಿನ ಗ್ಯಾಸ್ಕೆಟ್ ಸರಿ ಕೂರದೆ ಗಾಳಿ ಎಳೀತಿರಬಹುದು. ಹಾಗೇ ಕಾರ್ಬೊರೇಟರ್ ಬಿಚ್ಚಿ ಹಾಕುವಾಗ ಮ್ಯಾನಿಫೋಲ್ಡಿನ ರಬ್ಬರ್ ರಿಂಗ್ ಸರಿದಿದ್ದರೆ ಐಡ್ಲಿಂಗ್ ನಿಲ್ಲಲ್ಲ, ಸುಮ್ಮನೆ ಏರ್ತಾ ಇಳೀತಾ ಇರ್ತದೆ. ಇವೆರಡೂ ವಾಲ್ವಿನ ತಪ್ಪಲ್ಲ, ವಾಲ್ವ್ ಬದಲಿಸಿದ್ದರಿಂದ ಬಂದ ತಪ್ಪು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ಆಮೇಲೆ ನಿಂತರೆ ವಾಲ್ವ್ ಆಯಿಲ್ ಸೀಲ್ ನೋಡಬೇಕು. ಕಂಪ್ರೆಷನ್ ಕಡಿಮೆ ಇದೆ, ಅದು ರಿಂಗಾ ವಾಲ್ವಾ ಗೊತ್ತಾಗ್ತಿಲ್ಲ ಅಂದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡ್ತಾರೆ. ಕಂಪ್ರೆಷನ್ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಹೆಡ್ ಇನ್ನೂ ಕೈಯಲ್ಲಿದ್ದಾಗ ಪ್ಲಗ್ ಹಾಕಿ, ಬೋರಲು ಇಟ್ಟು, ಒಳಗೆ ಸೀಮೆಎಣ್ಣೆ ತುಂಬಿ ಪೋರ್ಟಿನಿಂದ ಸೋರ್ತದಾ ಅಂತ ನೋಡಿದ್ದರೆ ಈ ಅರ್ಧ ಗೋಳು ಇರ್ತಿರಲಿಲ್ಲ.

ಇದೆಲ್ಲದರ ನಿಯಮ ಒಂದೇ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಓಡಿಸಿ ನೋಡೋದು. ಮೂರು ಪಾರ್ಟ್ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಆಯ್ತು ಗೊತ್ತಾಗಲ್ಲ, ಕೆಟ್ಟರೂ ಯಾವುದರಿಂದ ಕೆಟ್ಟಿತು ಗೊತ್ತಾಗಲ್ಲ.

ಮನೆಯವರು ತೆತ್ತ ಬೆಲೆ

ಮನ್ರೋ 1925ರಲ್ಲಿ ಫ್ಲಾರೆನ್ಸ್ ಬೆರಿಲ್ ಅವರನ್ನು ಮದುವೆಯಾದರು. ನಾಲ್ಕು ಮಕ್ಕಳು. ರಾತ್ರಿಯೆಲ್ಲ ಶೆಡ್ಡಿನಲ್ಲಿರೋ ಗಂಡನ ಜೊತೆ ಸಂಸಾರ ಹೇಗಿರ್ತದೆ ಅಂತ ಊಹಿಸೋದು ಕಷ್ಟ ಅಲ್ಲ. 1947ರಲ್ಲಿ ಅವರಿಬ್ಬರ ವಿಚ್ಛೇದನ ಆಯ್ತು. ಆಮೇಲೆ ಮನ್ರೋ ಕೆಲಸವನ್ನೂ ಬಿಟ್ಟು ಒಂದು ಗ್ಯಾರೇಜಿನಲ್ಲೇ ವಾಸ ಮಾಡಿದರು. ಮಲಗೋದು, ಉಣ್ಣೋದು, ಎರಕ ಹೊಯ್ಯೋದು ಎಲ್ಲಾ ಅದೇ ಜಾಗದಲ್ಲಿ. ಇಂಥ ಜೀವನವನ್ನು ಬರೀ ಸಾಧನೆ ಅಂತ ಬರೆದುಬಿಟ್ಟರೆ ಆ ನಾಲ್ಕು ಮಕ್ಕಳಿಗೆ ಮತ್ತು ಆ ತಾಯಿಗೆ ಅನ್ಯಾಯ. ರೆಕಾರ್ಡ್ ಪಟ್ಟಿಯಲ್ಲಿ ಅವರ ಹೆಸರು ಇಲ್ಲ, ಆದರೆ ಬೆಲೆಯಲ್ಲಿ ಅವರ ಪಾಲೂ ಇತ್ತು.

ಸ್ಕೌಟಿನ ಜೊತೆಗೆ 1936ರ ವೆಲೊಸೆಟ್ ಅನ್ನೋ ಇನ್ನೊಂದು ಗಾಡಿಯನ್ನೂ ಹೀಗೇ ತಿದ್ದುತ್ತಿದ್ದರು. ಇನ್ವರ್‌ಕಾರ್ಗಿಲ್ ಹತ್ತಿರದ ಒರೆಟಿ ಬೀಚಿನ ಗಟ್ಟಿ ಮರಳೇ ಅವರ ಪರೀಕ್ಷೆಯ ಮೈದಾನ. ಅಲ್ಲಿ ಓಡಿಸೋದು, ಒಡೆಯೋದು, ಶೆಡ್ಡಿಗೆ ತಳ್ಳಿಕೊಂಡು ಬರೋದು, ಬಿಚ್ಚೋದು. 1940ರಲ್ಲಿ ನ್ಯೂಜಿಲೆಂಡಿನ ರಸ್ತೆ ವೇಗದ ದಾಖಲೆ ಮಾಡಿದರು, ಗಂಟೆಗೆ ಸುಮಾರು 194 ಕಿ.ಮೀ. ಮೂಲ ಗಾಡಿಯ ವೇಗದ ಎರಡು ಪಟ್ಟಿಗಿಂತ ಹೆಚ್ಚು.

ಉಪ್ಪಿನ ಬಯಲಿನಲ್ಲಿ

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನ್‌ವಿಲ್ ಅನ್ನೋ ಉಪ್ಪಿನ ಬಯಲಿದೆ. ಒಣಗಿದ ಸರೋವರ, ಕಣ್ಣು ಹಾಯುವಷ್ಟು ದೂರ ಬಿಳಿ ಸಮತಟ್ಟು. ಮನ್ರೋ ಅಲ್ಲಿಗೆ ಒಟ್ಟು ಹತ್ತು ಸಲ ಹೋದರು. ಮೊದಲ ಸಲ ಬರೀ ನೋಡಿ ಬರೋಕೆ. ಸಿನಿಮಾದಲ್ಲಿ ಎಲ್ಲವನ್ನೂ ಒಂದೇ ಪ್ರಯಾಣ ಅನ್ನೋ ಹಾಗೆ ತೋರಿಸಿದ್ದಾರೆ. ನಿಜದಲ್ಲಿ ಪ್ರತಿ ಸಲ ಸಮುದ್ರ ದಾಟಿ ಹೋಗಬೇಕು, ಒಡೆಸಿಕೊಂಡು ಬರಬೇಕು, ಮತ್ತೆ ಶೆಡ್ಡು, ಮತ್ತೆ ದುಡ್ಡು ಕೂಡಿಸೋದು.

ಅಲ್ಲಿ ಇನ್ನೊಂದು ತೊಡಕು ಇತ್ತು. ಇನ್ವರ್‌ಕಾರ್ಗಿಲ್ ಇರೋದು ಸಮುದ್ರದ ಮಟ್ಟದಲ್ಲಿ. ಬಾನ್‌ವಿಲ್ ಸುಮಾರು 1,280 ಮೀಟರ್ ಎತ್ತರದಲ್ಲಿದೆ. ಎತ್ತರ ಹೋದಂತೆ ಗಾಳಿ ತೆಳು ಆಗ್ತದೆ. ಸಮುದ್ರ ದಂಡೆಯಲ್ಲಿ ಸರಿಯಾಗಿದ್ದ ಕಾರ್ಬೊರೇಟರ್ ಅಲ್ಲಿ ಪೆಟ್ರೋಲ್ ಹೆಚ್ಚು ಕೊಡೋಕೆ ಶುರು ಮಾಡ್ತದೆ. ಒಂದು ಪಾರ್ಟೂ ಬದಲಿಸದೆ, ಬರೀ ಊರು ಬದಲಿಸಿದರೂ ಇಂಜಿನ್ ಬೇರೆ ಆಗ್ತದೆ.

1962ರಲ್ಲಿ ಮೊದಲ ದಾಖಲೆ. ಆಗ ಇಂಜಿನ್ 850 ಸಿಸಿಗೆ ಬೆಳೆದಿತ್ತು. ವೇಗ ಗಂಟೆಗೆ 288 ಕಿ.ಮೀ. 1966ರಲ್ಲಿ 920 ಸಿಸಿ ಇಂಜಿನ್ನಿನಿಂದ ಇನ್ನೊಂದು ವರ್ಗದಲ್ಲಿ 270 ಕಿ.ಮೀ. 1967ರಲ್ಲಿ ಇಂಜಿನ್ 950 ಸಿಸಿ ಆಗಿತ್ತು, ದಾಖಲೆ 295 ಕಿ.ಮೀ. ದಾಖಲೆ ಅಂದರೆ ಎರಡೂ ದಿಕ್ಕಿನಲ್ಲಿ ಓಡಿಸಿ ತೆಗೆದ ಸರಾಸರಿ. ಅದೇ ವರ್ಷ ಅರ್ಹತೆಗಾಗಿ ಒಂದೇ ದಿಕ್ಕಿನಲ್ಲಿ ಓಡಿಸಿದ್ದು 305.9 ಕಿ.ಮೀ. ಶುರುವಿನಲ್ಲಿ ನಾವು ಹೇಳಿದ್ದು ಈ ಲೆಕ್ಕ.

ಇಷ್ಟು ವೇಗದಲ್ಲಿ ಗಾಡಿಯ ಇಂಜಿನ್ ಒಂದೇ ಅಲ್ಲ, ಮೈಯೂ ಮಾತು ಕೇಳಬೇಕು. 1967ರ ಒಂದು ಓಟದಲ್ಲಿ ಅರ್ಧ ದಾರಿ ದಾಟಿದ ಮೇಲೆ ಗಾಡಿ ಓಲಾಡೋಕೆ ಶುರುವಾಯ್ತು. ವೇಗ ಇಳಿಸೋಕೆ ಮನ್ರೋ ಎದೆ ಎತ್ತಿ ಕೂತರು. ಗಾಳಿ ಕನ್ನಡಕವನ್ನೇ ಕಿತ್ತುಕೊಂಡು ಹೋಯ್ತು, ಕಣ್ಣು ಕಾಣದಂತಾಯ್ತು. ಕೊನೆಗೆ ಗಾಡಿಯನ್ನು ಉಪ್ಪಿನ ಮೇಲೆ ಮಲಗಿಸಿಬಿಟ್ಟರು. ಹೃದಯದ ತೊಂದರೆ ಇದ್ದ 68ರ ಅಜ್ಜ ತರಚು ಗಾಯಗಳಲ್ಲಿ ಪಾರಾಗಿ ಎದ್ದು ಬಂದರು.

ಕೊನೆಯ ತಿದ್ದುಪಡಿ

1977ರಲ್ಲಿ ಮನ್ರೋಗೆ ಪಾರ್ಶ್ವವಾಯು ಬಡೀತು. ಕೈಕಾಲುಗಳ ಹೊಂದಾಣಿಕೆ ಹೋಯ್ತು. ಗಾಡಿಗಳು ತಮ್ಮ ಸೀಮೆಯಲ್ಲೇ ಉಳೀಬೇಕು ಅಂತ ಎರಡನ್ನೂ ಊರಿನ ವ್ಯಾಪಾರಿಯೊಬ್ಬರಿಗೆ ಮಾರಿದರು. 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡು ವರ್ಷ ಬದುಕಲ್ಲ ಅಂದಿದ್ದ ಮಗು. ಆ ಸ್ಕೌಟ್ ಈಗಲೂ ಇನ್ವರ್‌ಕಾರ್ಗಿಲ್‌ನ ಹೇಯ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿದೆ. ಮೊಳೆ, ಬೋಲ್ಟು ತಗೊಳ್ಳೋಕೆ ಬಂದವರೂ ನೋಡಿ ಹೋಗ್ತಾರೆ.

ಕಥೆ ಅಲ್ಲಿಗೆ ಮುಗೀಲಿಲ್ಲ. ಅವರ ಮಗ ಜಾನ್ 1967ರ ದಾಖಲೆಯ ಲೆಕ್ಕವನ್ನು ಮತ್ತೆ ನೋಡಿದಾಗ ಸರಾಸರಿ ತೆಗೆಯುವಲ್ಲಿ ತಪ್ಪಾಗಿದ್ದು ಕಂಡಿತು. ಅಮೆರಿಕದ ಮೋಟಾರ್ ಸೈಕಲ್ ಸಂಘ 2014ರಲ್ಲಿ, ಅಂದರೆ ಮನ್ರೋ ತೀರಿಕೊಂಡು 36 ವರ್ಷ ಆದ ಮೇಲೆ, ದಾಖಲೆಯನ್ನು 296.26 ಕಿ.ಮೀ.ಗೆ ತಿದ್ದಿತು. ಏರಿದ್ದು ಗಂಟೆಗೆ ಒಂದು ಕಿಲೋಮೀಟರಿಗಿಂತ ಕಡಿಮೆ. ಆದರೂ ಆಗಿಹೋದ ಲೆಕ್ಕ ಅಂತ ಬಿಡದೆ ತಿರುಗಿ ನೋಡಿದ್ದು ಅಪ್ಪನ ಗುಣವೇ ಅನ್ನಬಹುದು.

ನಮ್ಮಲ್ಲಿ ಯಾರೂ ಉಪ್ಪಿನ ಬಯಲಿಗೆ ಹೋಗಬೇಕಿಲ್ಲ. ಯಡ್ರಾಮಿಯಿಂದ ಜೇವರ್ಗಿ ದಾರಿಯಲ್ಲಿ, ಬೇಸಿಗೆಯ ಬಿಸಿಲಲ್ಲಿ, ಎರೆ ಮಣ್ಣಿನ ಧೂಳಿನಲ್ಲಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಗಾಡಿ ನಡುವೆ ನಿಲ್ಲದೆ ಹೋದರೆ ನಮ್ಮ ಮನೆಯವರಿಗೆ ಅದೇ ದೊಡ್ಡ ದಾಖಲೆ. ಅದಕ್ಕೆ ಬೇಕಾದದ್ದು ಭಾಳ ಏನಿಲ್ಲ. ಮುಂದಿನ ಸಲ ಮನೆಯ ಬೈಕಿನ ಹೆಡ್ ಕೆಲಸ ಆದರೆ ಬಿಚ್ಚಿದ ಹಳೇ ವಾಲ್ವ್, ರಾಕರ್, ಚೈನನ್ನು ಅಲ್ಲೇ ಬಿಟ್ಟು ಬರಬೇಡಿ. ಒಂದು ಬಟ್ಟೆಯಲ್ಲಿ ಕಟ್ಟಿಸಿಕೊಂಡು ಬನ್ನಿ. ಎಲ್ಲಿ ಸವೆದಿದೆ, ಎಲ್ಲಿ ಸುಟ್ಟಿದೆ ಅಂತ ಬೆಳಕಿಗೆ ಹಿಡಿದು ನೋಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ, ಹೊಸ ಪಾರ್ಟ್‌ಗಳು ಕೂತುಕೊಂಡ ಮೇಲೆ, ಟ್ಯಾಪೆಟ್ ಇನ್ನೊಂದು ಸಲ ನೋಡಿಸಿ. ತೊಂದರೆ ಬಂದರೆ ಮಿಸ್ತ್ರಿ ಮುಂದೆ ಆ ಗಂಟು ಬಿಚ್ಚಿಟ್ಟು ಮಾತು ಶುರು ಮಾಡಿ.